ಪಂಜೆಯವರ ಹುಟ್ಟುಹಬ್ಬಕ್ಕೆ ಮಕ್ಕಳಿಗೆ ಓದಿ ಹೇಳುವುದು ಹೇಗೆ

ಫೆಬ್ರವರಿ 22 ಪಂಜೆ ಮಂಗೇಶರಾಯರು ಹುಟ್ಟಿದ ದಿನ. ಸಾಹಿತಿಗಳ ಹುಟ್ಟುಹಬ್ಬವನ್ನು ನಾವು ಹೇಗೆ ಮಾಡುತ್ತೇವೆ ಅನ್ನುವುದು ನಿಮಗೂ ಗೊತ್ತು. ಮೇಜಿನ ಮೇಲೊಂದು ಫೋಟೋ, ಅದಕ್ಕೊಂದು ಹಾರ, ಎರಡು ಊದುಬತ್ತಿ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ಆಮೇಲೆ ಅಧ್ಯಕ್ಷರ ಭಾಷಣ, ಅದು ಮುಗಿಯುವ ಹೊತ್ತಿಗೆ ಮುಂದಿನ ಸಾಲಿನಲ್ಲಿ ಕೂತ ಮಕ್ಕಳು ಒಬ್ಬರ ಜಡೆ ಒಬ್ಬರು ಎಳೆದು ಮುಗಿದಿರುತ್ತದೆ. ಮಕ್ಕಳಿಗಾಗಿ ಬರೆದವರ ಕಾರ್ಯಕ್ರಮ, ಆದರೆ ಅವರು ಬರೆದ ಒಂದೇ ಒಂದು ಪದ್ಯ ಪೂರ್ತಿಯಾಗಿ ಯಾರ ಕಿವಿಗೂ ಬೀಳುವುದಿಲ್ಲ.

ಈ ಸಲ ಅದನ್ನೆಲ್ಲ ಬಿಡಿ. ಹತ್ತು ಮಕ್ಕಳನ್ನು ಸೇರಿಸಿ, ಚಾಪೆ ಹಾಸಿ, ಅವರಿಗೆ ಪಂಜೆಯವರನ್ನು ಗಟ್ಟಿಯಾಗಿ ಓದಿ ಹೇಳಿ. ಮನೆ, ಅಪಾರ್ಟ್‌ಮೆಂಟಿನ ಹಾಲ್, ಶಾಲೆಯ ವರಾಂಡ, ಗ್ರಾಮ ಪಂಚಾಯಿತಿಯ ಅರಿವು ಕೇಂದ್ರ (ಊರಿನ ಗ್ರಂಥಾಲಯ), ಅಂಗನವಾಡಿ, ಎಲ್ಲಾದರೂ ಸರಿ. ಖರ್ಚು ಅಂದರೆ ಒಂದಷ್ಟು ಜೆರಾಕ್ಸ್, ಕೊನೆಗೆ ಒಂದೊಂದು ಬಾಳೆಹಣ್ಣು. ಹೇಗೆ ಮಾಡಬೇಕು ಅನ್ನುವುದನ್ನು ಮುಂದೆ ಬರೆದಿದ್ದೇನೆ.

ಪಂಜೆಯವರೇ ಯಾಕೆ

ಪರಿಚಯ ಬೇಕಾದವರಿಗೆ ಚಿಕ್ಕದಾಗಿ ಹೇಳುತ್ತೇನೆ. 1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿದರು. ಮನೆ ಮಾತು ಕೊಂಕಣಿ, ಸುತ್ತಲಿನ ಮಾತು ತುಳು, ಬರೆದದ್ದು ಕನ್ನಡದಲ್ಲಿ. ಮಂಗಳೂರಿನಲ್ಲಿ ಕನ್ನಡ ಪಂಡಿತರಾಗಿದ್ದರು, ಶಾಲೆಗಳ ಇನ್‌ಸ್ಪೆಕ್ಟರ್ ಆಗಿದ್ದರು, ಮಡಿಕೇರಿಯಲ್ಲಿ ಹೆಡ್‌ಮಾಸ್ಟರ್ ಆಗಿದ್ದರು. 1921ರಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲ ಕಟ್ಟಿದರು. 1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. 1937ರಲ್ಲಿ ತೀರಿಕೊಂಡರು. ಪದ್ಯಗಳಿಗೆ ಕವಿಶಿಷ್ಯ ಅಂತ ಹೆಸರು ಹಾಕುತ್ತಿದ್ದರು, ಅಂದರೆ ತಾನಿನ್ನೂ ಕಲಿಯುತ್ತಿರುವವನು ಅನ್ನುವ ಹಾಗೆ.

ಈ ವಿವರಗಳೆಲ್ಲ ನಿಮಗೆ, ಮಕ್ಕಳಿಗಲ್ಲ. ಮಕ್ಕಳಿಗೆ ಬೇಕಾದದ್ದು ಬೇರೆಯೇ. ಪಂಜೆಯವರ ಪದ್ಯ, ಕತೆಗಳ ಹೆಸರುಗಳನ್ನೇ ಒಮ್ಮೆ ಬಾಯಲ್ಲಿ ಹೇಳಿ ನೋಡಿ. ಗುಡುಗುಡು ಗುಮ್ಮಟ ದೇವರು. ಇಲಿಗಳ ಥಕಥೈ. ಸಿಗಡಿ ಯಾಕೆ ಒಣಗಲಿಲ್ಲ. ಹೆಸರಿನಲ್ಲೇ ತಾಳ ಇದೆ, ಅಲ್ವಾ? ಅವರು ಮೇಷ್ಟ್ರು. ತರಗತಿಯಲ್ಲಿ ಮಕ್ಕಳ ಎದುರು ನಿಂತು ಗೊತ್ತಿದ್ದವರು. ಯಾವ ಸದ್ದಿಗೆ ಮಗು ತಲೆ ಎತ್ತುತ್ತದೆ, ಎಲ್ಲಿ ಆಕಳಿಸುತ್ತದೆ ಅನ್ನುವುದು ಅವರ ಸಾಲುಗಳಿಗೆ ಗೊತ್ತಿದೆ. ಅದಕ್ಕೇ ಅವರನ್ನು ಕಣ್ಣಲ್ಲಿ ಓದಿದರೆ ಅರ್ಧವೂ ಸಿಗುವುದಿಲ್ಲ. ಬಾಯಲ್ಲಿ ಓದಬೇಕು.

ಇನ್ನೊಂದು ಕಾರಣ ಪೂರ್ತಿ ವ್ಯವಹಾರದ್ದು. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಕಾಪಿರೈಟ್ ಇರುತ್ತದೆ. ಪಂಜೆಯವರದು 1997ರ ಕೊನೆಗೇ ಮುಗಿದಿದೆ. ಹಾಗಾಗಿ ಅವರ ಪದ್ಯವನ್ನು ಜೆರಾಕ್ಸ್ ಮಾಡಿ ಹಂಚಬಹುದು, ದೊಡ್ಡ ಅಕ್ಷರದಲ್ಲಿ ಟೈಪ್ ಮಾಡಿ ಗೋಡೆಗೆ ಅಂಟಿಸಬಹುದು, ಓದಿದ್ದನ್ನು ರೆಕಾರ್ಡ್ ಮಾಡಿ ಊರಿನವರಿಗೆಲ್ಲ ಕಳಿಸಬಹುದು, ಯಾರನ್ನೂ ಕೇಳಬೇಕಾಗಿಲ್ಲ. ಹುಷಾರಾಗಿರಬೇಕಾದದ್ದು ಇಷ್ಟು: ಈಚಿನ ಪುಸ್ತಕಗಳಲ್ಲಿರುವ ಚಿತ್ರಗಳು, ಸಂಪಾದಕರ ಮುನ್ನುಡಿ, ಯಾರೋ ರಾಗ ಹಾಕಿ ಹಾಡಿರುವ ಆಡಿಯೋ, ಇವುಗಳ ಹಕ್ಕು ಬೇರೆಯವರದಾಗಿರುತ್ತದೆ. ಮೂಲ ಸಾಲುಗಳನ್ನು ಮಾತ್ರ ತೆಗೆದುಕೊಳ್ಳಿ.

ಏನು ಓದುವುದು

ಮೊದಲು ಮಕ್ಕಳ ವಯಸ್ಸು ನೋಡಿ. ಮೂರು ವರ್ಷದಿಂದ ಹನ್ನೆರಡರವರೆಗೆ ಎಲ್ಲರನ್ನೂ ಒಟ್ಟಿಗೆ ಕೂರಿಸಿ ಒಂದೇ ಕತೆ ಓದುವುದು ಆಗದ ಕೆಲಸ. ಆಗಲೇಬೇಕು ಅಂದರೆ ಪದ್ಯದಿಂದ ಶುರು ಮಾಡಿ. ಚಿಕ್ಕವರು ಸುಸ್ತಾದಾಗ ಅವರನ್ನು ಬಣ್ಣ, ಕಾಗದದ ಕಡೆ ಕಳಿಸಿ, ದೊಡ್ಡವರಿಗೆ ಕತೆ ಮುಂದುವರಿಸಿ.

ಮೂರರಿಂದ ಆರು ವರ್ಷದವರಿಗೆ ನಾಗರ ಹಾವೆ ಅನ್ನುವ ಪದ್ಯ ಒಂದೇ ಸಾಕು. ನಿಜವಾಗಲೂ ಸಾಕು. ಅದನ್ನೇ ನಾಲ್ಕು ಸಲ ಓದಿಸಿಕೊಳ್ಳುತ್ತಾರೆ.

ಐದರಿಂದ ಎಂಟರವರಿಗೆ ಸಿಗಡಿ ಯಾಕೆ ಒಣಗಲಿಲ್ಲ. ಇದು ಕೊಂಡಿ ಕತೆ. ಒಬ್ಬರನ್ನು ಕೇಳಿದರೆ ಅವರು ಇನ್ನೊಬ್ಬರ ಮೇಲೆ ಹಾಕುತ್ತಾರೆ, ಅವರನ್ನು ಕೇಳಿದರೆ ಮತ್ತೊಬ್ಬರ ಮೇಲೆ. ಈ ಆಟ ಮಕ್ಕಳಿಗೆ ಚೆನ್ನಾಗಿ ಗೊತ್ತು, ದಿನಾ ಮನೆಯಲ್ಲಿ ಆಡುತ್ತಾರಲ್ಲ. ಬೆಂಗಳೂರು, ಕಲಬುರಗಿ ಕಡೆಯ ಮಕ್ಕಳಿಗೆ ಸಿಗಡಿ ಅಂದರೆ ಏನು ಅಂತಲೇ ಗೊತ್ತಿರಲಿಕ್ಕಿಲ್ಲ. ಓದುವ ಮೊದಲು ಸಿಗಡಿಯ, ಅಂದರೆ ಪ್ರಾನ್‌ನ, ಒಂದು ಚಿತ್ರ ತೋರಿಸಿ, ಕರಾವಳಿಯಲ್ಲಿ ಅದನ್ನು ಮಳೆಗಾಲಕ್ಕೆಂದು ಬಿಸಿಲಲ್ಲಿ ಒಣಗಿಸಿ ಇಡುತ್ತಾರೆ ಅಂತ ಹೇಳಿ. ಇಲ್ಲದಿದ್ದರೆ ಅದು ಒಣಗದಿದ್ದರೆ ಯಾರಿಗೇನು ನಷ್ಟ ಅನ್ನುವುದೇ ಗೊತ್ತಾಗುವುದಿಲ್ಲ, ಕತೆ ಮೊದಲ ಸಾಲಿನಲ್ಲೇ ಜಾರುತ್ತದೆ.

ಏಳೆಂಟರ ಮೇಲಿನವರಿಗೆ ತೆಂಕಣ ಗಾಳಿಯಾಟ, ತೆಂಕಣ ಅಂದರೆ ದಕ್ಷಿಣದ ಗಾಳಿಯ ಪದ್ಯ. ಜೋರು ಗಂಟಲು ಇರುವವರು ಇದನ್ನು ತೆಗೆದುಕೊಳ್ಳಿ.

ಒಂಬತ್ತು ಹತ್ತರ ಮೇಲಿನವರಿಗೆ ಕೋಟಿ ಚೆನ್ನಯ. ತುಳುನಾಡಿನ ಅವಳಿ ವೀರರ ಕತೆ. ತುಳು ಪಾಡ್ದನಗಳಲ್ಲಿ, ಅಂದರೆ ಬಾಯಿಂದ ಬಾಯಿಗೆ ಬಂದ ಕಥನ ಹಾಡುಗಳಲ್ಲಿ, ಇದ್ದದ್ದನ್ನು ಪಂಜೆಯವರು ಕನ್ನಡದ ಗದ್ಯಕ್ಕೆ ತಂದರು. ಒಂದೇ ದಿನಕ್ಕೆ ಮುಗಿಯುವುದಿಲ್ಲ, ಮುಗಿಸಲೂಬೇಡಿ. ಹುಟ್ಟುಹಬ್ಬದ ದಿನ ಶುರುಮಾಡಿ, ವಾರವಿಡೀ ರಾತ್ರಿ ಮಲಗುವ ಮುಂಚೆ ಒಂದೊಂದು ತುಂಡು ಓದಿ. ಕತೆಯಲ್ಲಿ ಹೊಡೆದಾಟ, ಸಾವು ಎರಡೂ ಇವೆ. ನಿಮ್ಮ ಮಗುವಿಗೆ ಅದು ತಡೆಯುತ್ತದಾ ಅನ್ನುವುದು ನಿಮಗೇ ಗೊತ್ತಿರಬೇಕು. ಇನ್ನೊಂದು ಮಾತು. ತುಳುನಾಡಿನಲ್ಲಿ ಕೋಟಿ ಚೆನ್ನಯರು ಬರೀ ಕತೆಯ ಪಾತ್ರಗಳಲ್ಲ, ಗರಡಿಗಳಲ್ಲಿ ಪೂಜೆ ಪಡೆಯುವ ದೈವಗಳು. ಅಲ್ಲಿನ ಮಕ್ಕಳ ಮುಂದೆ ಓದುವಾಗ ಅವರ ಮನೆಯಲ್ಲಿ ಈ ಕತೆ ಹೇಗೆ ಹೇಳುತ್ತಾರೆ ಅಂತ ಕೇಳಿ. ನಿಮ್ಮ ಪುಸ್ತಕದಲ್ಲಿ ಇಲ್ಲದ್ದು ಬೇಕಾದಷ್ಟು ಬರುತ್ತದೆ.

ಮೂಡುವನು ರವಿ ಮೂಡುವನು ಅಂತ ಶುರುವಾಗುವ ಉದಯರಾಗವನ್ನು ಯಾವ ಗುಂಪಿಗಾದರೂ ಓದಬಹುದು. ಕೊಡಗಿನ ಬಗ್ಗೆ ಬರೆದ ಹುತ್ತರಿಯ ಹಾಡು ಮಾತ್ರ ಚಿಕ್ಕ ಮಕ್ಕಳಿಗೆ ಭಾರ ಆಗುತ್ತದೆ, ಅದನ್ನು ಹೈಸ್ಕೂಲಿನವರಿಗೆ ಇಟ್ಟುಕೊಳ್ಳಿ. ದೊಡ್ಡವರಿಗೆ ಅದು ಇಷ್ಟ ಅಂತ ಎಲ್ಲ ಕಾರ್ಯಕ್ರಮದಲ್ಲೂ ತುರುಕುತ್ತಾರೆ, ಮಕ್ಕಳು ಪಾಪ ಸುಮ್ನೆ ಕೂತಿರುತ್ತಾರೆ.

ಪುಸ್ತಕ ಎಲ್ಲಿ ಸಿಗುತ್ತದೆ ಅಂದರೆ, ಮೊದಲು ಹತ್ತಿರದ ಸಾರ್ವಜನಿಕ ಗ್ರಂಥಾಲಯದಲ್ಲಿ ಕೇಳಿ, ಆಮೇಲೆ ಕನ್ನಡ ವಿಕಿಸೋರ್ಸ್, ಇಂಟರ್ನೆಟ್ ಆರ್ಕೈವ್ ಹುಡುಕಿ. ಜಾಲದಲ್ಲಿ ಯಾರೋ ನೆನಪಿನಿಂದ ಟೈಪ್ ಮಾಡಿದ ಪಾಠವನ್ನು ನೇರವಾಗಿ ನಂಬಬೇಡಿ. ಈ ಪದ್ಯಗಳು ಬಾಯಿಂದ ಬಾಯಿಗೆ ಹೋಗಿ ಸಾಲುಗಳು ಅದಲು ಬದಲಾಗಿರುತ್ತವೆ. ಮುದ್ರಿತ ಪುಸ್ತಕದ ಜೊತೆ ಒಮ್ಮೆ ಹೋಲಿಸಿ ನೋಡಿ.

ಹಿಂದಿನ ವಾರ ಮಾಡಬೇಕಾದದ್ದು

ಓದುವವರು ಯಾರು ಅಂತ ಮೊದಲು ತೀರ್ಮಾನ ಮಾಡಿ. ಇಬ್ಬರು ಸಾಕು, ಮೂವರು ಜಾಸ್ತಿ. ಚೆನ್ನಾಗಿ ಭಾಷಣ ಮಾಡುವವರನ್ನು ಕರೆಯಬೇಡಿ. ಅವರಿಗೆ ಓದುವ ಮೊದಲು ನಾಲ್ಕು ಮಾತು ಹೇಳುವ ಆಸೆ ಬರುತ್ತದೆ, ಆ ನಾಲ್ಕು ಮಾತು ಇಪ್ಪತ್ತು ನಿಮಿಷ ಆಗುತ್ತದೆ. ರಾತ್ರಿ ಮಗುವನ್ನು ಮಲಗಿಸುವಾಗ ಕತೆ ಹೇಳಿ ಅಭ್ಯಾಸ ಇರುವವರು, ಯಕ್ಷಗಾನ ನೋಡಿ ಬೆಳೆದವರು, ಒಂದನೇ ಕ್ಲಾಸಿನ ಟೀಚರ್, ಇಂಥವರು ಬೇಕು.

ಓದುವುದನ್ನು ಮನೆಯಲ್ಲಿ ಗಟ್ಟಿಯಾಗಿ ಮೂರು ಸಲವಾದರೂ ಓದಿ. ಮನಸ್ಸಿನಲ್ಲಿ ಓದಿದ್ದು ಲೆಕ್ಕಕ್ಕಿಲ್ಲ. ಮೊದಲ ಸಲ ಎಡವುವ ಜಾಗಗಳು ಗೊತ್ತಾಗುತ್ತವೆ, ಅಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ. ಎರಡನೇ ಸಲ ಉಸಿರು ಎಲ್ಲಿ ತೆಗೆದುಕೊಳ್ಳಬೇಕು ಅಂತ ನೋಡಿ. ಮೂರನೇ ಸಲ ಪುಸ್ತಕದಿಂದ ಕಣ್ಣು ಎತ್ತಿ ಓದಿ, ಯಾಕೆಂದರೆ ಅವತ್ತು ನೀವು ಮಕ್ಕಳ ಮುಖ ನೋಡುತ್ತಿರಬೇಕು. ಪದ್ಯವಾದರೆ ಬಾಯಿಪಾಠವೇ ಮಾಡಿಬಿಡಿ.

ಹೀಗೆ ಓದುವಾಗ ಇನ್ನೊಂದು ವಿಷಯ ಗಮನಿಸಿ. ನೂರು ವರ್ಷ ಹಿಂದಿನ ಬರವಣಿಗೆ ಇದು. ಜಾತಿ, ಮೈಬಣ್ಣ, ಅಂಗವಿಕಲತೆ ಇವುಗಳ ಬಗ್ಗೆ ಆ ಕಾಲದ ಮಾತುಗಳು ಹಳೆಯ ಕತೆಗಳಲ್ಲಿ ಸಿಕ್ಕಬಹುದು. ಅಂಥದ್ದು ಕಂಡರೆ ಆ ಕತೆ ಬಿಟ್ಟು ಬೇರೆಯದನ್ನು ತೆಗೆದುಕೊಳ್ಳಿ, ಅವರು ಬೇಕಾದಷ್ಟು ಬರೆದಿದ್ದಾರೆ. ಸದ್ದಿಲ್ಲದೆ ಪದ ತಿದ್ದಿ ಓದಬೇಡಿ, ಓದಲು ಬರುವ ಮಗು ಆಮೇಲೆ ಪುಸ್ತಕ ಹಿಡಿದು ನಿಮ್ಮನ್ನು ಹಿಡಿದೇ ಹಿಡಿಯುತ್ತದೆ.

ಕಷ್ಟದ ಪದಗಳಿಗೆ ನನ್ನ ಪದ್ಧತಿ ಹೀಗೆ. ಓದು ನಿಲ್ಲಿಸಿ ಅರ್ಥ ಹೇಳುವುದಿಲ್ಲ. ಪದ ತುಂಬ ಮುಖ್ಯವಾದರೆ ಓದುವ ಮೊದಲೇ ಸುಮ್ನೆ ಮಾತಿನ ನಡುವೆ ಬಳಸಿಬಿಡುತ್ತೇನೆ. ಉದಾಹರಣೆಗೆ ಮಕ್ಕಳು ಬಂದು ಕೂರುವಾಗ, ನಿನ್ನ ಠಾವು ಇಲ್ಲಿ, ನಿನ್ನ ಠಾವು ಅಲ್ಲಿ ಅಂತ ಕೈ ತೋರಿಸಿ ಕೂರಿಸಿದರೆ ಮುಗಿಯಿತು. ಹತ್ತು ನಿಮಿಷದ ಮೇಲೆ ಪದ್ಯದಲ್ಲಿ ಆ ಪದ ಬಂದಾಗ ಯಾರೂ ಕೇಳುವುದಿಲ್ಲ. ಮುಖ್ಯವಲ್ಲದ ಪದವನ್ನು ಹಾಗೇ ಬಿಡಿ. ಅರ್ಥವಾಗದ ಒಂದೆರಡು ಪದ ಇದ್ದರೆ ಮಕ್ಕಳಿಗೆ ಬೇಜಾರಿಲ್ಲ, ಬೇಜಾರು ಆಗುವುದು ನಮಗೆ.

ಜಾಗ ಮತ್ತು ಹೊತ್ತು

ನೆಲದ ಮೇಲೆ ಕೂರಿಸಿ, ನೀವೂ ನೆಲದ ಮೇಲೆ ಕೂರಿ. ಮಂಡಿ ನೋವಿದ್ದರೆ ಚಿಕ್ಕ ಸ್ಟೂಲ್. ಅರ್ಧ ಚಂದ್ರದ ಹಾಗೆ ಎರಡು ಸಾಲು, ಹದಿನೈದಕ್ಕಿಂತ ಜಾಸ್ತಿ ಮಕ್ಕಳಾದರೆ ಎರಡು ಗುಂಪು ಮಾಡಿ. ಕಿಟಕಿ ನಿಮ್ಮ ಬೆನ್ನ ಹಿಂದೆ ಬರದ ಹಾಗೆ ನೋಡಿಕೊಳ್ಳಿ, ಬೆಳಕು ನಿಮ್ಮ ಮುಖದ ಮೇಲೆ ಬೀಳಬೇಕು. ಮೈಕ್ ಬೇಡವೇ ಬೇಡ. ಮೈಕಿನಲ್ಲಿ ಪಿಸುಮಾತು ಪಿಸುಮಾತಾಗಿ ಕೇಳಿಸುವುದಿಲ್ಲ, ಒಂದು ಕೈಯೂ ಕಟ್ಟಿಹಾಕಿದ ಹಾಗೆ ಆಗುತ್ತದೆ.

ಬೆಳಿಗ್ಗೆ ಹತ್ತರಿಂದ ಹನ್ನೊಂದು ಒಳ್ಳೆಯ ಹೊತ್ತು. ಸಂಜೆಯಾದರೆ ಆಟ ಮುಗಿಸಿ ಬಂದ ಮೇಲೆ. ಚಿಕ್ಕವರಿಗೆ ಇಪ್ಪತ್ತೈದು ನಿಮಿಷ, ದೊಡ್ಡವರಿಗೆ ಮುಕ್ಕಾಲು ಗಂಟೆ. ತಿಂಡಿ ಕೊನೆಯಲ್ಲಿ ಕೊಡಿ. ಮೊದಲೇ ಕೊಟ್ಟರೆ ಕವರ್ ಬಿಚ್ಚುವ ಸದ್ದಿನಲ್ಲಿ ಪಂಜೆಯವರು ಮುಳುಗಿಹೋಗುತ್ತಾರೆ.

ಅಪ್ಪ ಅಮ್ಮಂದಿರು ಹಿಂದೆ ಕೂರಲಿ, ಫೋನ್ ಒಳಗಿಟ್ಟು. ಇದನ್ನು ಬಾಗಿಲಲ್ಲೇ ಹೇಳಿ. ಅಮ್ಮ ವಿಡಿಯೋ ಮಾಡುತ್ತಿದ್ದಾಳೆ ಅಂತ ಗೊತ್ತಾದ ತಕ್ಷಣ ಮಗು ಕತೆ ಕೇಳುವುದು ಬಿಟ್ಟು ಕ್ಯಾಮೆರಾಗೆ ಮುಖ ಮಾಡುತ್ತದೆ.

ನಾಗರ ಹಾವೆಯನ್ನು ಓದುವ ಬಗೆ

ಇದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಯಾಕೆಂದರೆ ಈ ಒಂದು ಪದ್ಯ ಸರಿಯಾಗಿ ಓದಲು ಬಂದರೆ ಉಳಿದದ್ದೆಲ್ಲ ತಾನಾಗಿ ಬರುತ್ತದೆ.

ನಾಗರ ಹಾವೆ, ಹಾವೊಳು ಹೂವೆ, ಬಾಗಿಲ ಬಿಲದಲಿ ನಿನ್ನಯ ಠಾವೆ. ಒಂದೊಂದು ತುಂಡಿಗೆ ಒಂದೊಂದು ಚಪ್ಪಾಳೆ ತಟ್ಟಿ ನೋಡಿ. ಬಾಗಿಲ, ಬಿಲದಲಿ, ನಿನ್ನಯ, ಠಾವೆ. ನಾಲ್ಕು ಬಂತಲ್ಲ. ಎಲ್ಲ ತುಂಡೂ ನಾಲ್ಕು ಮಾತ್ರೆಯ ಅಳತೆಯವು, ಠಾವೆಯನ್ನು ಸ್ವಲ್ಪ ಎಳೆದರೆ ಅದೂ ಕೂಡುತ್ತದೆ. ಛಂದಸ್ಸು ಮಕ್ಕಳಿಗೆ ಹೇಳಬೇಕಾಗಿಲ್ಲ, ಅಂಗೈಗೆ ಗೊತ್ತಾದರೆ ಆಯಿತು.

ಚರಣದ ಕೊನೆಯಲ್ಲಿ ಸಾಲು ತುಂಬ ಬಾ ಬಾ ಬಾ ಬಾ. ಮುಂದಿನ ಚರಣದಲ್ಲಿ ನೀ ನೀ ನೀ ನೀ. ಅದರ ಮುಂದೆ ತಾ ತಾ ತಾ ತಾ. ಕೊನೆಗೆ ಪೋ ಪೋ ಪೋ ಪೋ. ಇವು ಮಕ್ಕಳ ಸಾಲುಗಳು. ಮಿಕ್ಕದ್ದು ನಿಮ್ಮದು. ಶುರು ಮಾಡುವ ಮೊದಲು ಒಂದೇ ಮಾತು ಹೇಳಿ: ನಾನು ಕೈ ಎತ್ತಿದಾಗ ನೀವು ಬಾ ಬಾ ಅನ್ನಬೇಕು. ಒಂದು ಸಲ ಅಭ್ಯಾಸ ಮಾಡಿಸಿ. ಆಮೇಲೆ ನೋಡಿ ಮಜಾ.

ಇಡೀ ಪದ್ಯ ಒಂದು ಪುಟ್ಟ ನಾಟಕ. ಮೊದಲ ಚರಣದಲ್ಲಿ ಕರೆಯುವವನು ನಯವಾಗಿ ಕರೆಯುತ್ತಿದ್ದಾನೆ, ಕೈ ಮುಗಿಯುತ್ತೇನೆ, ಹಾಲು ಕೊಡುತ್ತೇನೆ ಬಾ ಅಂತ. ದನಿ ಮೆತ್ತಗಿರಲಿ, ಬಾ ಬಾ ಪಿಸುಮಾತಿನಲ್ಲಿ ಶುರುವಾಗಲಿ. ಎರಡನೆಯದರಲ್ಲಿ ಕೊಳಲು ಊದುತ್ತಾನೆ, ಹೆಡೆ ಬಿಚ್ಚು, ತೂಗು ಅನ್ನುತ್ತಾನೆ. ಇಲ್ಲಿ ನಿಮ್ಮ ತಲೆ ತೂಗಲಿ, ಮಕ್ಕಳ ತಲೆಯೂ ತಾನಾಗಿ ತೂಗುತ್ತದೆ. ಮೂರನೆಯದರಲ್ಲಿ ಅವನ ಮನಸ್ಸಿನಲ್ಲಿ ಇದ್ದದ್ದು ಹೊರಗೆ ಬರುತ್ತದೆ. ನಿನ್ನ ತಲೆಯಲ್ಲಿ ರತ್ನ ಇದೆಯಂತೆ ಹೌದಾ, ನಾನು ಬಡವ, ಕೊಪ್ಪರಿಗೆ ಚಿನ್ನ ತಾ. ಕೈ ಚಾಚಿ, ಆಸೆ ಕಣ್ಣಲ್ಲಿ ಕಾಣಲಿ, ತಾ ತಾ ಜೋರಾಗುತ್ತಾ ಹೋಗಲಿ. ಆಮೇಲೆ ನಿಲ್ಲಿಸಿ. ಒಂದು ಪೂರ್ತಿ ಉಸಿರು ಸುಮ್ಮನಿರಿ.

ಕೊನೆಯ ಚರಣ ಬೇರೆಯೇ ಲೋಕ. ಬರಿ ಮೈ ತಣ್ಣಗೆ, ಮನದಲಿ ಬಿಸಿ ಹಗೆ. ಈಗ ಅವನಿಗೆ ಹೆದರಿಕೆ. ಹಾವನ್ನು ಹತ್ತಿರದಿಂದ ನೋಡಿದ್ದಾನೆ. ಇದನ್ನು ನಿಧಾನವಾಗಿ, ಬೆನ್ನು ಹಿಂದಕ್ಕೆ ಸರಿಸುತ್ತಾ ಓದಿ. ಆಮೇಲೆ ಪೋ ಪೋ ಪೋ ಅಂತ ಎಲ್ಲರೂ ಕಿರುಚಲಿ. ಕಿರುಚಲೇಬೇಕು. ಪಕ್ಕದ ಮನೆಯವರಿಗೆ ಮೊದಲೇ ಹೇಳಿಡಿ.

ಎರಡನೇ ಸಲ ಓದುವಾಗ ಒಬ್ಬ ಮಗು ಹಾವಾಗಲಿ. ಮೂರನೇ ಸಲ ನೀವು ಕೊನೆಯ ಪದ ನುಂಗಿ, ಅವರು ತುಂಬಲಿ. ಹೂವೆ, ಠಾವೆ, ಹಾಲನ್ನೀವೆ. ಅಷ್ಟರಲ್ಲಿ ಅರ್ಧದಷ್ಟು ಮಕ್ಕಳಿಗೆ ಪದ್ಯ ಬಂದುಬಿಟ್ಟಿರುತ್ತದೆ.

ಯಾರಾದರೂ ಕೇಳಿಯೇ ಕೇಳುತ್ತಾರೆ, ಹಾವು ಹಾಲು ಕುಡಿಯುತ್ತದಾ ಅಂತ. ಇಲ್ಲ, ಹಾವಿನ ಆಹಾರ ಇಲಿ ಕಪ್ಪೆ, ಹಾಲು ಅದಕ್ಕೆ ಒಗ್ಗುವುದಿಲ್ಲ ಅಂತ ನೇರವಾಗಿ ಹೇಳಿ. ನಾಗರಪಂಚಮಿಯಲ್ಲಿ ಕಲ್ಲಿನ ನಾಗನಿಗೆ ತನು (ಹಾಲು) ಎರೆಯುವುದು ಪೂಜೆಗೆ, ಹಾವಿಗೆ ಕುಡಿಸುವುದಕ್ಕಲ್ಲ ಅಂತಲೂ ಹೇಳಬಹುದು. ತಲೆಯಲ್ಲಿ ರತ್ನ ಇಲ್ಲ. ನಿಜವಾದ ಹಾವು ಕಂಡರೆ ಬಾ ಬಾ ಅನ್ನಬಾರದು, ದೂರ ಸರಿದು ದೊಡ್ಡವರನ್ನು ಕರೆಯಬೇಕು. ಹಳ್ಳಿಯ ಮಕ್ಕಳಿಗೆ ಇದು ಗೊತ್ತು, ಅವರೇ ನಿಮಗೆ ಹಾವಿನ ನಾಲ್ಕು ಕತೆ ಹೇಳುತ್ತಾರೆ. ಕೇಳಿಸಿಕೊಳ್ಳಿ. ಆದರೆ ಇದೆಲ್ಲ ಪದ್ಯ ಮುಗಿದ ಮೇಲೆ.

ಗಾಳಿ, ಕೊಂಡಿ ಕತೆ, ಉದ್ದ ಕತೆ

ತೆಂಕಣ ಗಾಳಿಯಾಟ ಬರಲಿದೆ, ಅಹಹಾ ಅಂತ ದೂರದಿಂದ ಶುರುವಾಗುತ್ತದೆ. ಗಾಳಿ ಇನ್ನೂ ಬಂದಿಲ್ಲ. ಬರುವ ಸುದ್ದಿ ಮಾತ್ರ. ಮೊದಲೇ ಕೂಗಿಬಿಟ್ಟರೆ ನಿಜವಾದ ಗಾಳಿ ಬಂದಾಗ ನಿಮ್ಮ ಗಂಟಲಲ್ಲಿ ಏನೂ ಉಳಿದಿರುವುದಿಲ್ಲ. ತಗ್ಗಿದ ದನಿಯಲ್ಲಿ ಶುರುಮಾಡಿ ಒಂದೊಂದು ಚರಣಕ್ಕೂ ಒಂದೊಂದು ಮೆಟ್ಟಿಲು ಏರಿಸಿ. ಮಕ್ಕಳಿಗೆ ಕೆಲಸ ಹಂಚಿ: ಒಂದು ಗುಂಪಿಗೆ ಬಾಯಲ್ಲಿ ಸುಯ್ ಅನ್ನುವುದು, ಒಂದಕ್ಕೆ ಅಂಗೈ ಉಜ್ಜಿ ಸರಸರ ಸದ್ದು, ಇನ್ನೊಂದಕ್ಕೆ ನೆಲ ಬಡಿದು ಕಡಲಿನ ಸದ್ದು. ನೀವು ಕೈ ಇಳಿಸಿದರೆ ಸದ್ದು ಇಳಿಯಬೇಕು ಅಂತ ಮೊದಲೇ ಒಪ್ಪಂದ ಮಾಡಿಕೊಳ್ಳಿ. ಈ ಒಪ್ಪಂದ ಇಲ್ಲದೆ ಶುರುಮಾಡಿದರೆ ದೇವರೇ ಗತಿ.

ಕೊಂಡಿ ಕತೆಗೆ ಬೇಕಾದದ್ದು ವೇಗ. ಪ್ರಶ್ನೆ ಬಂದಾಗಲೆಲ್ಲ ಒಂದೇ ರಾಗದಲ್ಲಿ ಕೇಳಿ, ಉತ್ತರ ಕೊಡುವವರಿಗೆ ಮಾತ್ರ ದನಿ ಬದಲಾಯಿಸಿ. ಹತ್ತು ಬಗೆಯ ದನಿ ಬರದಿದ್ದರೆ ತಲೆಕೆಡಿಸಿಕೊಳ್ಳಬೇಡಿ. ದಪ್ಪ ದನಿ, ಕೀರಲು ದನಿ, ಮೂಗಿನ ದನಿ, ಇಷ್ಟರಲ್ಲೇ ಸುತ್ತಿ ಬರಬಹುದು. ಎರಡು ಮೂರು ಕೊಂಡಿ ಆಗುವಷ್ಟರಲ್ಲಿ ಮಕ್ಕಳಿಗೆ ಲಯ ಸಿಕ್ಕಿರುತ್ತದೆ. ಆಗ ಪ್ರಶ್ನೆ ಕೇಳುವ ಕೆಲಸ ಅವರಿಗೆ ಬಿಡಿ. ಓದಿ ಮುಗಿದ ಮೇಲೆ ಅವರದೇ ಕೊಂಡಿ ಕತೆ ಕಟ್ಟಲಿ: ಹೋಮ್‌ವರ್ಕ್ ಯಾಕೆ ಆಗಲಿಲ್ಲ, ಬಸ್ ಯಾಕೆ ಬರಲಿಲ್ಲ. ಸುತ್ತು ಹೊಡೆದು ತಪ್ಪೆಲ್ಲ ಕೊನೆಗೆ ಟೀಚರ್ ಮೇಲೋ ಅಪ್ಪನ ಮೇಲೋ ಬಂದು ಬೀಳುತ್ತದೆ, ತಯಾರಾಗಿರಿ.

ಉದ್ದ ಕತೆಯಲ್ಲಿ ಮುಖ್ಯವಾದದ್ದು ಎಲ್ಲಿ ನಿಲ್ಲಿಸುತ್ತೀರಿ ಅನ್ನುವುದು. ಅಧ್ಯಾಯ ಮುಗಿದಲ್ಲಿ ನಿಲ್ಲಿಸಬೇಡಿ, ಅಲ್ಲಿ ಕತೆಗೂ ಸುಸ್ತು. ಕೋಟಿ ಚೆನ್ನಯದಲ್ಲಿ ಅಲ್ಲಿನ ಅರಸ ಬಲ್ಲಾಳನ ಕಾಲಿನ ಗಾಯಕ್ಕೆ ಯಾರ ಮದ್ದೂ ತಾಗದೆ ಕೊನೆಗೆ ಅವಳಿಗಳ ತಾಯಿ ದೇಯಿಯನ್ನು ಕರೆಸುತ್ತಾರೆ. ಅವಳು ತುಂಬು ಗರ್ಭಿಣಿ. ಅಲ್ಲಿಗೆ ನಿಲ್ಲಿಸಿ, ಪುಸ್ತಕ ಮುಚ್ಚಿ. ನಾಳೆ ಸಂಜೆ ಕರೆಯದೇ ಬರುತ್ತಾರೆ. ಯಕ್ಷಗಾನ, ಪಾಡ್ದನ ಕೇಳಿದ ಅಜ್ಜಂದಿರು ಹತ್ತಿರ ಇದ್ದರೆ ಮುಂದಿನ ತುಂಡನ್ನು ಅವರೇ ಬಾಯಲ್ಲಿ ಹೇಳಲಿ.

ಇನ್ನು ಗಲಾಟೆ ವಿಷಯ. ಒಂದಿಬ್ಬರು ಎದ್ದು ಓಡಾಡುತ್ತಾರೆ. ಓಡಾಡಲಿ. ಓಡಾಡುತ್ತಲೇ ಕೇಳುವ ಮಕ್ಕಳು ಇರುತ್ತಾರೆ, ಮನೆಗೆ ಹೋಗಿ ಪೂರ್ತಿ ಪದ್ಯ ಒಪ್ಪಿಸುವವರು ಎಷ್ಟೋ ಸಲ ಅವರೇ. ನಡುವೆ ಪ್ರಶ್ನೆ ಬಂದರೆ ಒಂದು ಮಾತಿನ ಉತ್ತರ ಕೊಟ್ಟು ಮುಂದೆ ಹೋಗಿ. ಇಡೀ ಗುಂಪಿನ ಗಮನ ಹೋದರೆ ದನಿ ಏರಿಸಬೇಡಿ, ಇಳಿಸಿ. ಅದಕ್ಕೂ ಬಗ್ಗದಿದ್ದರೆ ಆ ಕತೆ ಅವತ್ತಿಗೆ ಸರಿಯಿಲ್ಲ, ಅರ್ಧಕ್ಕೇ ಬಿಟ್ಟು ಮತ್ತೆ ನಾಗರ ಹಾವೆಗೆ ಬನ್ನಿ. ಮುಗಿಸಲೇಬೇಕು ಅಂತ ಕಾನೂನಿಲ್ಲ.

ದಯವಿಟ್ಟು ಇವನ್ನು ಮಾಡಬೇಡಿ

ಕತೆ ಮುಗಿದ ತಕ್ಷಣ, ಇದರಿಂದ ನಾವು ಕಲಿಯುವ ನೀತಿ ಏನು ಮಕ್ಕಳೇ ಅಂತ ಕೇಳುವುದು. ಇದೊಂದು ರೋಗ. ಆಸೆ ಪಡಬಾರದು ಸಾರ್ ಅಂತ ಮುಂದಿನ ಸಾಲಿನ ಜಾಣ ಮಗು ಹೇಳುತ್ತದೆ, ಉಳಿದವರು ಕೂಡಲೇ ತರಗತಿಯ ಮುಖ ಹಾಕಿಕೊಳ್ಳುತ್ತಾರೆ. ಇಷ್ಟು ಹೊತ್ತು ಹಾವಿನ ಹಿಂದೆ ಹೋಗಿದ್ದವರು ವಾಪಸ್ ಬೆಂಚಿಗೆ ಬಂದಿರುತ್ತಾರೆ.

ಸ್ಪರ್ಧೆ ಇಡುವುದು. ಕಂಠಪಾಠ ಸ್ಪರ್ಧೆ, ವೇಷಭೂಷಣ ಸ್ಪರ್ಧೆ, ಮೊದಲ ಬಹುಮಾನ, ಸಮಾಧಾನಕರ ಬಹುಮಾನ. ನಮ್ಮ ಕಡೆ ಒಂದು ಕಡೆ ಇದೇ ಪದ್ಯವನ್ನು ಸ್ಪರ್ಧೆಗೆ ಇಟ್ಟಿದ್ದರು, ಹೆದರಿಕೆಗೆ ಪೋ ಪೋ ಕೂಡ ಬಾಯಿಂದ ಹೊರಡದ ಮಕ್ಕಳನ್ನು ನೋಡಿ ಹೊಟ್ಟೆ ಉರಿಯಿತು. ಹೀಗೆ ಮಾಡಿದರೆ ಕೊನೆಗೆ ಒಬ್ಬರು ಗೆಲ್ಲುತ್ತಾರೆ, ಹದಿನಾಲ್ಕು ಜನರಿಗೆ ಪಂಜೆ ಅಂದರೆ ಸೋತದ್ದು ನೆನಪಾಗುತ್ತದೆ.

ಉಚ್ಚಾರ ತಿದ್ದುವುದು. ಹ ಇಲ್ಲದೆ ಆವು ಅಂದರೂ ಅದು ಹಾವೇ. ತುಳು, ಕೊಂಕಣಿ, ಉರ್ದು, ತೆಲುಗು, ತಮಿಳು ಮನೆಮಾತಿನ ಮಕ್ಕಳು ಅವರವರ ಧಾಟಿಯಲ್ಲಿ ಹೇಳಲಿ. ಬರೆದವರ ಮನೆಮಾತೂ ಕನ್ನಡವಲ್ಲ ಅನ್ನುವುದನ್ನು ಆ ಮಕ್ಕಳಿಗೆ ಖಂಡಿತ ಹೇಳಿ, ಅವರ ಬಗ್ಗೆ ಮಕ್ಕಳಿಗೆ ಹೇಳಬೇಕಾದ ಒಂದೇ ವಿವರ ಇದ್ದರೆ ಅದು ಇದು. ನೀವೂ ನಿಮ್ಮ ಊರಿನ ಧಾಟಿಯಲ್ಲೇ ಓದಿ, ರೇಡಿಯೋ ಕನ್ನಡ ಬೇಕಾಗಿಲ್ಲ. ಧಾರವಾಡದ ಬಾಯಲ್ಲಿ ಪದ್ಯದ ನಾಗಣ್ಣ ಇನ್ನೂ ಮಜವಾಗಿರುತ್ತಾನೆ.

ಹೊರದೇಶದಲ್ಲಿ ಇರುವವರಿಗೆ

ನಿಮ್ಮ ಮಕ್ಕಳಿಗೆ ಕನ್ನಡ ಅರ್ಥವಾಗುತ್ತದೆ, ಓದಲು ಬರುವುದಿಲ್ಲ, ಅಲ್ವಾ? ಕಿವಿಯಲ್ಲಿ ಕೇಳುವುದಕ್ಕೆ ಅಕ್ಷರ ಬೇಕಾಗಿಲ್ಲ, ಹಾಗಾಗಿ ಓದಿ ಹೇಳುವುದು ನಿಮಗೆ ತುಂಬ ಒಗ್ಗುತ್ತದೆ. ಊರಿನ ಅಜ್ಜ ಅಜ್ಜಿಯರನ್ನು ವಿಡಿಯೋ ಕಾಲಿಗೆ ಕರೆಯಿರಿ. ನಾಗರ ಹಾವೆ ಪಠ್ಯಪುಸ್ತಕದಲ್ಲಿತ್ತು, ಎಷ್ಟೋ ಅಜ್ಜಿಯರಿಗೆ ಪುಸ್ತಕವೇ ಬೇಡ. ಒಂದು ತೊಂದರೆ ಗೊತ್ತಿರಲಿ. ವಿಡಿಯೋ ಕಾಲಿನಲ್ಲಿ ದನಿ ತಡವಾಗಿ ತಲುಪುತ್ತದೆ, ಹತ್ತು ಮನೆಯ ಬಾ ಬಾ ಒಟ್ಟಿಗೆ ಬಂದರೆ ಗೊಜ್ಜಾಗುತ್ತದೆ. ಓದುವವರ ಮೈಕ್ ಒಂದನ್ನೇ ತೆರೆದಿಡಿ, ಉಳಿದವರೆಲ್ಲ ಮ್ಯೂಟ್. ಮಕ್ಕಳು ಅವರವರ ಮನೆಯಲ್ಲಿ ಕೂಗಲಿ, ಕೈ ಬಡಿಯುವುದು ಪರದೆಯಲ್ಲಿ ಕಂಡರೆ ಸಾಕು. ಆಮೇಲೆ ಒಬ್ಬೊಬ್ಬರ ಮೈಕ್ ತೆರೆದು ಒಂದೊಂದು ಚರಣ. ಅಮೆರಿಕಾದವರು ಭಾರತದ ಜೊತೆ ಹೊತ್ತು ಹೊಂದಿಸುವಾಗ ಅಜ್ಜಿಯ ಬೆಳಗಿನ ಪೂಜೆ, ಕಾಫಿ ಎಲ್ಲ ಮುಗಿದಿದೆಯಾ ಅಂತ ಕೇಳಿಕೊಳ್ಳಿ.

ಫೆಬ್ರವರಿ 21 ವಿಶ್ವ ಮಾತೃಭಾಷಾ ದಿನ, ಪಂಜೆಯವರ ಹುಟ್ಟುಹಬ್ಬಕ್ಕೆ ಒಂದು ದಿನ ಮುಂಚೆ. ಶಾಲೆಯಲ್ಲಿ ಅವತ್ತು ಬೇರೆ ಬೇರೆ ಭಾಷೆಯ ಕಾರ್ಯಕ್ರಮ ಇದ್ದರೆ ನಿಮ್ಮ ಮಗು ನಾಗರ ಹಾವೆಯನ್ನೇ ಹೇಳಲಿ. ಕನ್ನಡ ಬರದ ತರಗತಿಗೂ ಬಾ ಬಾ, ಪೋ ಪೋ ಕಲಿಸಲು ಒಂದು ನಿಮಿಷ ಸಾಕು.

ಮುಗಿದ ಮೇಲೆ

ಹೋಗುವಾಗ ಒಂದೊಂದು ಹಾಳೆ ಕೈಗೆ ಕೊಡಿ. ಒಂದು ಬದಿಗೆ ಪದ್ಯ, ದೊಡ್ಡ ಅಕ್ಷರದಲ್ಲಿ. ಇನ್ನೊಂದು ಬದಿ ಖಾಲಿ, ಹಾವು ಬರೆಯುವುದಕ್ಕೆ. ಹಾಳೆಯ ಕೆಳಗೆ ಪಂಜೆ ಮಂಗೇಶರಾಯರು ಅಂತ ಹೆಸರು ಹಾಕುವುದು ಮರೆಯಬೇಡಿ, ಪದ್ಯ ಗೊತ್ತಿದ್ದೂ ಬರೆದವರು ಯಾರು ಅಂತ ಗೊತ್ತಿಲ್ಲದ ದೊಡ್ಡವರೇ ಜಾಸ್ತಿ ಇದ್ದಾರೆ.

ಮಕ್ಕಳು ಇನ್ನೊಂದು ಸಲ ಯಾವಾಗ ಅಂತ ಕೇಳಿದರೆ ತಾರೀಕು ರೆಡಿ ಇಟ್ಟುಕೊಂಡಿರಿ. ಅಕ್ಟೋಬರ್ 10 ಶಿವರಾಮ ಕಾರಂತರ ಹುಟ್ಟುಹಬ್ಬ, ಡಿಸೆಂಬರ್ 5 ಜಿ.ಪಿ. ರಾಜರತ್ನಂ ಅವರದು, ಡಿಸೆಂಬರ್ 29 ಕುವೆಂಪು ಅವರದು. ಅವರ ಬರಹಗಳಿಗೆ ಇನ್ನೂ ಕಾಪಿರೈಟ್ ಇದೆ. ಪ್ರಕಟವಾದ ಪುಸ್ತಕದಿಂದ ಹದವಾಗಿ ಒಂದು ಭಾಗವನ್ನು ಜನರ ಮುಂದೆ ಓದಲು ಕಾನೂನಿನಲ್ಲೇ ಅವಕಾಶ ಇದೆ, ಆದರೆ ಜೆರಾಕ್ಸ್ ಹಂಚುವುದು, ರೆಕಾರ್ಡ್ ಮಾಡಿ ಜಾಲದಲ್ಲಿ ಹಾಕುವುದು ಬೇಡ. ಆ ಸಲ ಹಾಳೆ ಕೊಡುವ ಬದಲು ಪುಸ್ತಕವನ್ನೇ ಎರಡು ಪ್ರತಿ ಕೊಂಡು ತಂದು, ಯಾರ ಮನೆಗೆ ಮೊದಲು ಹೋಗಬೇಕು ಅಂತ ಚೀಟಿ ಎತ್ತಿಸಿ.